ಸ್ಕ್ಯಾನ್ ನಾರ್ಮಲ್, ಸೊಸೆಗೆ ಮಾತ್ರ ಸುಸ್ತು

ತಲೆಗೆ ಪೆಟ್ಟು ಬಿದ್ದವರನ್ನು ನನ್ನ ಹತ್ತಿರ ಸಲಹೆಗೆ ಕರೆತರುವ ಮನೆಯವರು ಹೆಚ್ಚಾಗಿ ಒಂದೇ ಮಾತು ಹೇಳುತ್ತಾರೆ: 'ಸ್ಕ್ಯಾನ್ ನಾರ್ಮಲ್, ಗಾಯ ಮಾಯ್ದಿದೆ, ಇನ್ನೂ ಯಾಕೆ ಮಲಗೋದು?' ಆ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಶಿಡ್ಲಘಟ್ಟದ ಕಡೆ ರೇಷ್ಮೆಹುಳು ಸಾಕುವ ಮನೆಯ ಸೊಸೆ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದಿದ್ದರು. ತಿಂಗಳುಗಳು ಕಳೆದರೂ ಬೆಳಿಗ್ಗೆ ಹತ್ತಕ್ಕೇ ಸುಸ್ತು, ಮಧ್ಯಾಹ್ನವೆಲ್ಲ ನಿದ್ದೆ, ರಾತ್ರಿ ಎಚ್ಚರ. ಹುಷಾರಾದ ದಿನ ಅಡುಗೆ, ಬಟ್ಟೆ, ಹುಳಕ್ಕೆ ಸೊಪ್ಪು ಹಾಕೋದು ಎಲ್ಲ ಒಟ್ಟಿಗೆ ಮಾಡಿ ಮರುದಿನ ಏಳಲಾಗುತ್ತಿರಲಿಲ್ಲ.

ಪೆಟ್ಟು ತಿಂದ ಮೆದುಳಿಗೆ ಹಳೇ ಕೆಲಸಕ್ಕೂ ಜಾಸ್ತಿ ಶ್ರಮ ಬೇಕು, ನಾಲ್ಕು ಜನರ ಮಾತು ಕೇಳುವುದೂ ದಣಿಸುತ್ತೆ, ಸ್ಕ್ಯಾನಿನಲ್ಲಿ ಇದು ಕಾಣದಿರಬಹುದು ಎಂದು ವಿವರಿಸಿದೆ. ಸುಮ್ಮನೆ ಕೂತಿದ್ದ ಅತ್ತೆ ಕೇಳಿದರು: "ಜ್ವರಕ್ಕೆ ಕೂತ ಹುಳಕ್ಕೆ ನಾವು ಸೊಪ್ಪು ಹಾಕಲ್ಲ, ಅಲ್ಲಾಡಿಸಲ್ಲ. ಇವಳನ್ನೂ ಹಂಗೇ ಬಿಡಬೇಕಾ ಮೇಡಂ?" ಪೊರೆ ಕಳಚುವ ಹೊತ್ತಲ್ಲಿ ಹುಳು ತಿನ್ನದೆ, ಅಲ್ಲಾಡದೆ ಕೂರುವುದನ್ನೇ ರೇಷ್ಮೆ ಸಾಕುವವರು ಜ್ವರ ಎನ್ನುತ್ತಾರೆ.

"ಹೌದಮ್ಮ. ಆದ್ರೆ ಹುಳು ತಾನೇ ತಿನ್ನೋದು ನಿಲ್ಲಿಸುತ್ತೆ. ಇವರನ್ನ ನೀವು ನಿಲ್ಲಿಸಬೇಕು."

ಸೊಸೆ ಮೆಲ್ಲಗೆ ಹೇಳಿದರು: "ಕೂತ್ರೆ ಸೋಮಾರಿ ಅಂತೀರಲ್ಲ ಅತ್ತೆ, ಅದಕ್ಕೇ ನಿಲ್ಲಿಸ್ತಿರಲಿಲ್ಲ."

ಅಲ್ಲಿಂದ ಮುಂದೆ ಸಲಹೆ ಸುಲಭವಾಯಿತು. ಸುಸ್ತಾದ ಮೇಲಲ್ಲ, ಸುಸ್ತಾಗುವ ಮೊದಲೇ ವಿಶ್ರಾಂತಿ. ಹುಷಾರಾದ ದಿನವೂ ಉಳಿದ ದಿನದಷ್ಟೇ ಕೆಲಸ. ದಿನಾ ಒಂದೇ ಹೊತ್ತಿಗೆ ಏಳುವುದು, ಬೆಳಗಿನ ಬಿಸಿಲಲ್ಲಿ ಸ್ವಲ್ಪ ನಡೆಯುವುದು. ಮಧ್ಯಾಹ್ನ ಮೂರರೊಳಗೆ ಅರ್ಧ ಗಂಟೆ ಮಾತ್ರ ನಿದ್ದೆ. ಆಮೇಲೆ ಕಾಫಿ, ಟೀ ಬೇಡ. ರಾತ್ರಿ ಸೊಪ್ಪು ಹಾಕುವ ಕೆಲಸ ಬೇರೆಯವರಿಗೆ.

ಬೆಳೆಯ ಹೊತ್ತಲ್ಲಿ ಒಂದು ಕೈ ಕಡಿಮೆ ಮಾಡಿದಿರಿ ಎಂದು ಗಂಡ ಬೇಸರಪಟ್ಟರು. ಅವರ ಕಷ್ಟ ನಿಜ. ಆದರೂ ಮಾತು ಬದಲಿಸಲಿಲ್ಲ. ರಾತ್ರಿ ನಿದ್ದೆ ಕೆಟ್ಟರೆ ಹಗಲಿನ ಸುಸ್ತು, ತಲೆನೋವು, ಮರೆವು ಎಲ್ಲ ಹೆಚ್ಚುತ್ತವೆ. ಒಂದು ದಿನ ಎರಡಾಳಿನ ಕೆಲಸ ಮಾಡಿ ಎರಡು ದಿನ ಬಿದ್ದುಕೊಂಡರೆ ಮನೆಗೆ ಲಾಭ ಏನು?

ಇನ್ನೊಂದು ವಿಷಯ ನನ್ನನ್ನು ಕಾಡಿತು. ಅವರು ಮೆಡಿಕಲ್ ಸ್ಟೋರಿನಿಂದ ತಾವೇ ನಿದ್ದೆ ಮಾತ್ರೆ ತಂದು ನುಂಗುತ್ತಿದ್ದರು. ಕೆಲವು ಮಾತ್ರೆ ಮರೆವು, ಮಂಕು ಹೆಚ್ಚಿಸುತ್ತವೆ. ಹಾಗೆಂದು ತಟ್ಟನೆ ನಿಲ್ಲಿಸುವುದೂ ಅಪಾಯ. ಅದಕ್ಕೇ ಮಾತ್ರೆಯ ಸ್ಟ್ರಿಪ್ ಸಮೇತ ನರರೋಗ ವೈದ್ಯರ ಹತ್ತಿರ ಕಳಿಸಿದೆ. ರಕ್ತಹೀನತೆ, ಥೈರಾಯ್ಡ್, ಗೊರಕೆಯನ್ನೂ ನೋಡಲು ಕೇಳಿಕೊಂಡೆ, ಏಕೆಂದರೆ ಎಲ್ಲ ಸುಸ್ತೂ ಪೆಟ್ಟಿನದೇ ಆಗಿರಬೇಕಿಲ್ಲ. ತಲೆನೋವು ಏರುತ್ತಾ ಹೋದರೆ, ವಾಂತಿ ನಿಲ್ಲದಿದ್ದರೆ, ಫಿಟ್ಸ್ ಬಂದರೆ ನನ್ನ ಹತ್ತಿರ ಬರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ ಎಂದು ಮನೆಯವರಿಗೆಲ್ಲ ಹೇಳಿದ್ದೇನೆ.