ಓದುಗರ ಪ್ರಶ್ನೆ: ಅಪರಿಚಿತ ಮಿಸ್ಡ್ ಕಾಲ್‌ಗೆ ತಿರುಗಿ ಕರೆ ಮಾಡಬಹುದೇ?

ಪ್ರಶ್ನೆ: ನಡುರಾತ್ರಿ ಒಂದೇ ಸಲ ರಿಂಗಾಗಿ ನಿಂತ ವಿದೇಶಿ ಸಂಖ್ಯೆಯೊಂದಕ್ಕೆ, ಕುವೈತ್‌ನಲ್ಲಿರುವ ತಮ್ಮನದೇ ಕರೆಯಿರಬೇಕೆಂದು ಅಮ್ಮ ಬೆಳಿಗ್ಗೆ ತಿರುಗಿ ಕರೆ ಮಾಡಿದರು. ಬರೀ ಸಂಗೀತ ಕೇಳಿಸಿತು, ಪ್ರಿಪೇಯ್ಡ್ ಹಣ ಖಾಲಿಯಾಯಿತು. ನಾವು ಬೇಕೆಂದು ಹೇಳದ ಕಾಲರ್ ಟ್ಯೂನ್‌ಗೂ ತಿಂಗಳು ತಿಂಗಳು ಹಣ ಹೋಗುತ್ತಿದೆ. ಏನು ಮಾಡಬೇಕು?
– ಓದುಗರೊಬ್ಬರು, ಕುಂದಾಪುರ

ಉತ್ತರ: ಅಂಥ ಕರೆಯನ್ನು ನಾವು ಎತ್ತಬೇಕೆಂಬ ಉದ್ದೇಶವೇ ವಂಚಕರಿಗೆ ಇರುವುದಿಲ್ಲ, ನಾವಾಗಿಯೇ ತಿರುಗಿ ಕರೆ ಮಾಡಲಿ ಎಂದೇ ಒಂದು ರಿಂಗಿಗೆ ನಿಲ್ಲಿಸುತ್ತಾರೆ. ದುಬಾರಿ ದರದ ಆ ಕರೆಯ ಶುಲ್ಕದಲ್ಲಿ ಒಂದು ಪಾಲು ಅವರಿಗೆ ಸಲ್ಲುವುದರಿಂದ, ನಾವು ಹೆಚ್ಚು ಹೊತ್ತು ಕಾಯುವಂತೆ ಸಂಗೀತವನ್ನೋ ಮುದ್ರಿತ ಧ್ವನಿಯನ್ನೋ ಕೇಳಿಸುತ್ತಾರೆ. ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿರುವ ಕರಾವಳಿಯ ಮನೆಗಳಲ್ಲಿ ವಿದೇಶಿ ಕರೆಯನ್ನು ಕಡೆಗಣಿಸುವುದು ಸುಲಭವಲ್ಲ ಎಂಬುದನ್ನು ಬಲ್ಲೆ. ಆದ್ದರಿಂದ ತಮ್ಮನ ಸಂಖ್ಯೆಯನ್ನು ಅಮ್ಮನ ಫೋನಿನಲ್ಲಿ ಹೆಸರಿನೊಂದಿಗೆ ಉಳಿಸಿಕೊಡಿ. ಕುವೈತ್ ಸಂಖ್ಯೆ +965ರಿಂದ ಆರಂಭವಾಗುತ್ತದೆ ಎಂದೂ ತಿಳಿಸಿ. ವಿದೇಶಕ್ಕೆ ನೇರ ಕರೆ ಮಾಡುವ ಅಗತ್ಯವೇ ಇಲ್ಲದಿದ್ದರೆ ಐಎಸ್‌ಡಿ ಸೌಲಭ್ಯವನ್ನು ನಿಲ್ಲಿಸುವಂತೆ ಕಂಪನಿಯನ್ನು ಕೇಳಿ.

ಕಾಲರ್ ಟ್ಯೂನ್‌ನಂಥ ಸೇವೆಯನ್ನು ಗ್ರಾಹಕರು ಮತ್ತೊಮ್ಮೆ ಖಚಿತಪಡಿಸುವ ಎರಡನೇ ಒಪ್ಪಿಗೆಯಿಲ್ಲದೆ ಆರಂಭಿಸಬಾರದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2013ರಲ್ಲೇ ನಿರ್ದೇಶಿಸಿದೆ. 155223ಕ್ಕೆ ಉಚಿತವಾಗಿ ಕರೆ ಮಾಡಿ ಸೇವೆಯನ್ನು ರದ್ದುಪಡಿಸಿ. ಕಡಿತವಾದ ಹಣಕ್ಕಾಗಿ ಕಂಪನಿಗೆ ದೂರು ಕೊಟ್ಟು, ದೂರಿನ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅದು ಬೇಕು.

ಪ್ರಶ್ನೆ: ಕೊರಿಯರ್‌ನವನೆಂದು ಹೇಳಿಕೊಂಡವನೊಬ್ಬ *21* ಒತ್ತಿ ತಾನು ಕೊಟ್ಟ ಸಂಖ್ಯೆಯನ್ನು ಸೇರಿಸಿ ಡಯಲ್ ಮಾಡಿಸಿದ. ಅಪಾಯವಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಇದೆ. ಅದು ನಿಮಗೆ ಬರುವ ಕರೆಗಳನ್ನು ಅವನ ಫೋನಿಗೆ ತಿರುಗಿಸುವ ಸಂಕೇತ. ಕರೆಯ ಮೂಲಕ ಹೇಳಲಾಗುವ ಒಟಿಪಿಯೂ ಅವನ ಕಿವಿಗೇ ಬೀಳುತ್ತದೆ, ಅದರಿಂದ ನಿಮ್ಮ ವಾಟ್ಸ್‌ಆ್ಯಪ್ ಖಾತೆಯನ್ನೂ ವಶಪಡಿಸಿಕೊಳ್ಳಬಹುದು. ಇಂಥ ಸಂಕೇತಗಳಿಂದ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಸೂಚಿಸಿತ್ತಾದರೂ, ಅದನ್ನೇ ನಂಬಿ ಕೂರಬೇಡಿ. ಈಗಲೇ *#21# ಡಯಲ್ ಮಾಡಿ ಪರೀಕ್ಷಿಸಿ; ##002# ಒತ್ತಿದರೆ ಎಲ್ಲ ಬಗೆಯ ಕರೆ ತಿರುಗಿಸುವಿಕೆಯೂ ರದ್ದಾಗುತ್ತದೆ. ಬ್ಯಾಂಕ್ ಖಾತೆಯಿಂದ ಹಣ ಹೋಗಿದ್ದರೆ ಒಂದು ನಿಮಿಷವನ್ನೂ ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗಳಿಗೆ ದಾಟುವ ಮೊದಲೇ ದೂರು ತಲುಪಿದರೆ ಅದನ್ನು ಅಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.