ತೆರಿಗೆ ಇಳಿಸಿ ಅಂದಿರಿ, ಖರ್ಚಿನ ಮಾತು ಎಲ್ಲಿ?

ನಮಸ್ಕಾರ.

ನಿಮ್ಮ ‘ತೆರಿಗೆ ಎಂಬ ಸುಲಿಗೆ’ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ‘ವಿಷಾದದಿಂದ ಹಿಂದಿರುಗಿಸುತ್ತಿದ್ದೇವೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಕೂತಿದೆ ಅನ್ನಿಸಿದ್ದರಿಂದ ಇಷ್ಟುದ್ದ ಬರೆಯುತ್ತಿದ್ದೇನೆ. ಸ್ವಲ್ಪ ಖಾರ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ವಾದವನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಜನ ದುಡಿದ ಹಣ ಮೊದಲು ಜನರದ್ದು, ಆಮೇಲೆ ಸರ್ಕಾರದ್ದು. ತೆರಿಗೆ ಕಡಿಮೆಯಾದರೆ ದುಡಿಮೆಯೂ ಹೂಡಿಕೆಯೂ ಹೆಚ್ಚುತ್ತವೆ. ಹಾಗಾಗಿ ದರ ಇಳಿಸಿದರೂ ಖಜಾನೆಗೆ ಬರುವ ಹಣ ಏರುತ್ತದೆ. ಅಕಸ್ಮಾತ್ ಕಡಿಮೆ ಬಿದ್ದರೆ ದುಂದುವೆಚ್ಚ ನಿಲ್ಲಿಸಿ ಸರಿದೂಗಿಸಬಹುದು. ಮೊದಲ ಎರಡು ಮಾತಿನಲ್ಲಿ ನಾನು ನಿಮ್ಮ ಕಡೆಯವನೇ. ಮೂರನೆಯದು ಕೆಲವು ಸಲ ಮಾತ್ರ ನಿಜ. ನಾಲ್ಕನೆಯದನ್ನು ಓದಿದಾಗ ನೀವು ಕಷ್ಟದ ಜಾಗಕ್ಕೆ ಬಂದು ಜಾರಿಕೊಂಡಿರಿ ಅನ್ನಿಸಿತು.

ಭಾಷೆಯ ವಿಷಯ ಮೊದಲು ಮುಗಿಸಿಬಿಡೋಣ. ಮೊದಲ ಪುಟದಲ್ಲೇ ಸುಲಿಗೆ, ಲೂಟಿ, ದರೋಡೆ, ರಕ್ತ ಹೀರುವ ಜಿಗಣೆ, ಎಲ್ಲವೂ ಬಂದಿವೆ. ನಿಮ್ಮನ್ನು ಮೊದಲೇ ಒಪ್ಪುವವರಿಗೆ ಇದು ಖುಷಿ ಕೊಡಬಹುದು. ಒಪ್ಪದವರು ಅಲ್ಲೇ ಪುಟ ತಿರುವುತ್ತಾರೆ. ನೀವು ಬರೆಯಬೇಕಾದದ್ದು ಅವರಿಗಾಗಿ ಅಲ್ವಾ? ಅಷ್ಟೇ ಅಲ್ಲ, ಐದನೇ ಪುಟದಲ್ಲಿ ಪೊಲೀಸ್, ನ್ಯಾಯಾಲಯ, ಸೈನ್ಯ ಗಟ್ಟಿಯಾಗಿರಬೇಕು ಎಂದು ನೀವೇ ಬರೆದಿದ್ದೀರಿ. ತೆರಿಗೆಯೆಲ್ಲ ದರೋಡೆ ಅಂದಮೇಲೆ ನ್ಯಾಯಾಧೀಶರ ಸಂಬಳವೂ ಕದ್ದ ಮಾಲೇ ಆಯಿತು. ನೀವು ಪದೇ ಪದೇ ಸಾಕ್ಷಿಗೆ ಕರೆಯುವ ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಎಲ್ಲೂ ತೆರಿಗೆ ಬೇಡ ಅನ್ನಲಿಲ್ಲ. ಅವರವರ ಶಕ್ತಿಗೆ ತಕ್ಕಂತೆ ಇರಲಿ, ಎಷ್ಟು ಮತ್ತು ಯಾವಾಗ ಕಟ್ಟಬೇಕೆಂದು ಮೊದಲೇ ಗೊತ್ತಿರಲಿ, ಕಟ್ಟುವವರಿಗೆ ಅನುಕೂಲವಾದ ಹೊತ್ತಿನಲ್ಲಿ ಕೇಳಲಿ, ವಸೂಲಿಗೇ ಹಣ ಕರಗಿಹೋಗದಿರಲಿ: 1776ರಲ್ಲಿ ಅವರು ಹೇಳಿದ್ದು ಇಷ್ಟು. ತೆರಿಗೆ ಬೇಕು, ಆದರೆ ಅದಕ್ಕೊಂದು ಮಿತಿ ಬೇಕು ಅನ್ನುವ ಸಂಪ್ರದಾಯವಾದಿ ನಿಲುವಿಗೆ ಅಷ್ಟು ನೆಲ ಸಾಕು.

ಈಗ ತೆರಿಗೆಯ ದರಕ್ಕೂ ಸರ್ಕಾರದ ವರಮಾನಕ್ಕೂ ಇರುವ ನಂಟು ತೋರಿಸುವ ಲಾಫರ್ ರೇಖೆಗೆ ಬರೋಣ. 1974ರಲ್ಲಿ ವಾಷಿಂಗ್ಟನ್ನಿನ ಹೋಟೆಲಿನಲ್ಲಿ ಅರ್ಥಶಾಸ್ತ್ರಜ್ಞ ಆರ್ಥರ್ ಲಾಫರ್ ನ್ಯಾಪ್ಕಿನ್ ಮೇಲೆ ಗೆರೆ ಎಳೆದ ಕಥೆಗೆ ಮುಕ್ಕಾಲು ಪುಟ ಕೊಟ್ಟಿದ್ದೀರಿ. ಎಲ್ಲರೂ ಹೇಳಿ ಸವೆದ ಕಥೆ, ಎರಡು ಸಾಲು ಸಾಕು. ಈ ವಿಚಾರ ತನ್ನದಲ್ಲ, ಹದಿನಾಲ್ಕನೇ ಶತಮಾನದ ಅರಬ್ ಇತಿಹಾಸಕಾರ ಇಬ್ನ್ ಖಲ್ದೂನ್ ಆಗಲೇ ಹೇಳಿದ್ದ ಎಂದು ಲಾಫರ್ ಅವರೇ ಬರೆದಿದ್ದಾರೆ. ಅದು ಜಾಸ್ತಿ ಸ್ವಾರಸ್ಯ, ಬೇಕಾದರೆ ಸೇರಿಸಿ. ನನ್ನ ತಕರಾರು ಬೇರೆ. ನೀವು ರೇಖೆಯ ಒಂದು ಮಗ್ಗುಲನ್ನಷ್ಟೇ ತೋರಿಸಿದ್ದೀರಿ. ದರ ಸೊನ್ನೆಯಾದರೆ ಸರ್ಕಾರಕ್ಕೆ ಏನೂ ಬರುವುದಿಲ್ಲ. ನೂರಾದರೆ ಯಾರೂ ದುಡಿಯುವುದಿಲ್ಲ, ಆಗಲೂ ಏನೂ ಬರುವುದಿಲ್ಲ. ನಡುವೆ ಎಲ್ಲೋ ಒಂದು ಶಿಖರ ಇದೆ. ದರ ಶಿಖರದ ಆಚೆ ಇದ್ದರೆ ಇಳಿಸಿದಾಗ ವರಮಾನ ಏರುತ್ತದೆ. ಈಚೆ ಇದ್ದರೆ ಇಳಿಯುತ್ತದೆ. ಈ ಎರಡನೇ ವಾಕ್ಯ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಓದುಗರಿಗೆ ಇದನ್ನು ಒಂದು ಸಣ್ಣ ಲೆಕ್ಕದಲ್ಲೇ ತೋರಿಸಬಹುದು. ದರ 70 ಪರ್ಸೆಂಟ್ ಇದೆ ಎಂದುಕೊಳ್ಳಿ. ಕೊನೆಯ ನೂರು ರೂಪಾಯಿಯಲ್ಲಿ ದುಡಿದವನ ಕೈಗೆ 30 ಉಳಿಯುತ್ತದೆ. ದರವನ್ನು 50ಕ್ಕೆ ಇಳಿಸಿದರೆ 50 ಉಳಿಯುತ್ತದೆ, ಅಂದರೆ ಮೂರರಲ್ಲಿ ಎರಡು ಪಾಲು ಜಾಸ್ತಿ. ಸರ್ಕಾರಕ್ಕೆ ಮೊದಲಿನಷ್ಟೇ ಹಣ ಬರಬೇಕಾದರೆ ಅದರ ಲೆಕ್ಕಕ್ಕೆ ಸಿಗುವ ಆದಾಯ ನೂರರಿಂದ 140ಕ್ಕೆ ಏರಬೇಕು. ಕಷ್ಟ, ಆದರೆ ಆಗದ ಮಾತಲ್ಲ. ಮುಚ್ಚಿಟ್ಟ ಆದಾಯವೇ ಎಷ್ಟೋ ಹೊರಗೆ ಬರುತ್ತದೆ. ಈಗ ದರ 30ರಿಂದ 25ಕ್ಕೆ ಇಳಿಯಿತು ಎಂದುಕೊಳ್ಳಿ. ಕೈಗೆ ಉಳಿಯುವುದು 70ರಿಂದ 75 ಆಯಿತು, ಸುಮಾರು ಏಳು ಪರ್ಸೆಂಟ್ ಜಾಸ್ತಿ ಅಷ್ಟೇ. ನಷ್ಟ ತುಂಬಲು ಮಾತ್ರ ಆದಾಯ 120ಕ್ಕೆ ಏರಬೇಕು. ಏಳು ಪರ್ಸೆಂಟ್ ಆಸೆಗೆ ಇಪ್ಪತ್ತು ಪರ್ಸೆಂಟ್ ಜಾಸ್ತಿ ದುಡಿಯುವವರು ಎಷ್ಟು ಜನ?

ಹಾಗಾಗಿ ನಿಮ್ಮ ವಾದಕ್ಕೆ ಬಲ ಇರುವುದು ದರ ಆಕಾಶಕ್ಕೇರಿದ ಕಡೆ. ಭಾರತದಲ್ಲಿ 1973-74ರಲ್ಲಿ ಆದಾಯ ತೆರಿಗೆಯ ಗರಿಷ್ಠ ದರ ಸರ್ಚಾರ್ಜ್ ಸೇರಿ 97.75 ಪರ್ಸೆಂಟ್ ಇತ್ತು. ನೂರರಲ್ಲಿ ಎರಡೂಕಾಲು ಮಾತ್ರ ಕೈಗೆ. ಬ್ರಿಟನ್ನಿನಲ್ಲಿ 1979ರ ಮೊದಲು ಸಂಬಳದ ಮೇಲೆ 83, ಹೂಡಿಕೆಯ ಆದಾಯದ ಮೇಲೆ 98. ಇಂಥ ಕಡೆ ಕಾನೂನಿನಲ್ಲಿ ಬರೆದ ದರವೇ ಬೇರೆ, ಖಜಾನೆಗೆ ಬೀಳುವ ಹಣವೇ ಬೇರೆ. ಇವನ್ನು ಬಳಸಿ, ಎದುರಾಳಿಗೂ ತಲೆಯಾಡಿಸದೆ ವಿಧಿಯಿಲ್ಲ. ಆದರೆ 97ರ ಉದಾಹರಣೆ ಕೊಟ್ಟು 30ರ ದರದ ಬಗ್ಗೆ ತೀರ್ಪು ಕೊಡಬೇಡಿ.

ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ ಬಗ್ಗೆ ಬರೆದ ‘ರೇಗನ್ ತೆರಿಗೆ ಇಳಿಸಿದರು, ಖಜಾನೆ ತುಂಬಿತು’ ಎಂಬ ನಿಮ್ಮ ಸಾಲಿನ ಪಕ್ಕ ಕೆಂಪು ಗೆರೆ ಹಾಕಿದ್ದೇನೆ. 1981ರ ಕಾಯ್ದೆ ಗರಿಷ್ಠ ದರವನ್ನು 70ರಿಂದ 50ಕ್ಕೆ ತಂದಿತು, ಸರಿ. ಮರುವರ್ಷವೇ, ಆಮೇಲೆ 1984ರಲ್ಲಿ ಮತ್ತೊಮ್ಮೆ, ಅದೇ ರೇಗನ್ ತೆರಿಗೆ ಏರಿಸುವ ಮಸೂದೆಗಳಿಗೆ ಸಹಿ ಹಾಕಿದರು. ಅವರ ಎರಡು ಅವಧಿ ಮುಗಿಯುವಷ್ಟರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಸಾಲ ಹೆಚ್ಚುಕಡಿಮೆ ಮೂರು ಪಟ್ಟಾಗಿತ್ತು. ಇದನ್ನು ನೀವು ಬಿಟ್ಟರೆ ನಿಮಗೆ ಉತ್ತರ ಬರೆಯುವವರು ಬಿಡುವುದಿಲ್ಲ. ನಿಮಗೆ ನಿಜಕ್ಕೂ ಬೇಕಾದದ್ದು ಅದೇ ರೇಗನ್‌ರ 1986ರ ಸುಧಾರಣೆ. ಗರಿಷ್ಠ ದರವನ್ನು 50ರಿಂದ 28ಕ್ಕೆ ಇಳಿಸಿದರು, ಜೊತೆಗೆ ತೆರಿಗೆ ತಪ್ಪಿಸಲು ಬಳಸುತ್ತಿದ್ದ ವಿನಾಯಿತಿಗಳನ್ನು ಒಂದೊಂದಾಗಿ ಮುಚ್ಚಿದರು. ಒಟ್ಟು ವರಮಾನ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು ಎಂಬ ಲೆಕ್ಕದಲ್ಲಿ ಮಾಡಿದ ಕೆಲಸ ಅದು. ಸೆನೆಟ್‌ನಲ್ಲಿ ಮೊದಲ ಸಲ ಮತಕ್ಕೆ ಬಂದಾಗ 97 ಜನ ಪರ, 3 ಜನ ವಿರೋಧ. ನಿಮ್ಮ ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ.

ಅಮೆರಿಕದ ಕಾನ್ಸಸ್ ರಾಜ್ಯದ ಬಗ್ಗೆಯೂ ಇಲ್ಲ. ಅದು ಬೇಕೆಂದೇ ಬಿಟ್ಟದ್ದೋ, ಗೊತ್ತಿಲ್ಲದೆ ಬಿಟ್ಟದ್ದೋ? 2012ರಲ್ಲಿ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ರಾಜ್ಯದ ಆದಾಯ ತೆರಿಗೆ ಇಳಿಸಿ, ಒಂದು ಬಗೆಯ ಸಣ್ಣ ಉದ್ದಿಮೆಗಳ ಆದಾಯಕ್ಕೆ ತೆರಿಗೆಯನ್ನೇ ತೆಗೆದರು. ವರಮಾನ ಕುಸಿಯಿತು, ರಾಜ್ಯದ ಸಾಲದ ರೇಟಿಂಗ್ ಇಳಿಯಿತು. 2017ರಲ್ಲಿ ಶಾಸನಸಭೆ ಅವರ ವಿಟೋವನ್ನೂ ಮೀರಿ ಆ ಕಾಯ್ದೆಯ ಬಹುಭಾಗವನ್ನು ರದ್ದು ಮಾಡಿತು. ಆ ಸಭೆಯಲ್ಲಿ ಬಹುಮತ ಇದ್ದದ್ದು ಅವರದೇ ರಿಪಬ್ಲಿಕನ್ ಪಕ್ಷಕ್ಕೆ. ಇದನ್ನು ನೀವೇ ಎತ್ತಿಕೊಂಡು, ಎಲ್ಲಿ ಎಡವಿದರು ಎಂದು ವಿವರಿಸಿದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಇನ್ನೂ ಒಳ್ಳೆಯ ಜೋಡಿ ಬ್ರಿಟನ್ನಿನದು. ಒಂದೇ ಕನ್ಸರ್ವೇಟಿವ್ ಪಕ್ಷ, ಎರಡು ಬಜೆಟ್. 1979ರಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಗರಿಷ್ಠ ದರವನ್ನು 83ರಿಂದ 60ಕ್ಕೆ ಇಳಿಸಿತು. ಅದೇ ಬಜೆಟ್‌ನಲ್ಲಿ, 8 ಮತ್ತು 12.5 ಪರ್ಸೆಂಟ್ ಇದ್ದ ವ್ಯಾಟ್ ಅನ್ನು, ಅಂದರೆ ಕೊಳ್ಳುವ ಸರಕಿನ ಮೇಲಿನ ತೆರಿಗೆಯನ್ನು, 15ಕ್ಕೆ ಏರಿಸಿತು. ಜನ ಬೈದರು. ಆದರೆ ಇಳಿಸಿದ್ದಕ್ಕೆ ಹಣ ಎಲ್ಲಿಂದ ಅನ್ನುವುದು ಕಾಗದದ ಮೇಲೆ ಇತ್ತು. 2022ರ ಸೆಪ್ಟೆಂಬರ್ 23ರಂದು ಲಿಜ್ ಟ್ರಸ್ ಸರ್ಕಾರವೂ ತೆರಿಗೆ ಇಳಿಸಿತು. ಹಣ ಎಲ್ಲಿಂದ ಅನ್ನುವುದಕ್ಕೆ ಉತ್ತರ ಇರಲಿಲ್ಲ, ಸ್ವತಂತ್ರ ಬಜೆಟ್ ಕಚೇರಿಯ ಅಂದಾಜನ್ನೂ ಜೊತೆಗೆ ಕೊಡಲಿಲ್ಲ. ಪೌಂಡ್ ಬಿತ್ತು, ಸರ್ಕಾರಿ ಬಾಂಡುಗಳ ಬಡ್ಡಿ ಜಿಗಿಯಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ಮಾರುಕಟ್ಟೆಗಿಳಿದು ಬಾಂಡ್ ಕೊಳ್ಳಬೇಕಾಯಿತು. ಅಕ್ಟೋಬರ್ 20ಕ್ಕೆ ಪ್ರಧಾನಿ ರಾಜೀನಾಮೆ ಘೋಷಿಸಿದರು. ಇವರಿಬ್ಬರ ನಡುವಿನ ಅಂತರವೇ ನಿಮ್ಮ ಲೇಖನದ ನಡುಭಾಗ ಆಗಬೇಕು ಅನ್ನುವುದು ನನ್ನ ಆಸೆ.

ಏಕೆಂದರೆ ನೀವು ಆರಾಧಿಸುವ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಜೀವಮಾನವಿಡೀ ಹೇಳುತ್ತಿದ್ದದ್ದು ಇದನ್ನೇ. ತೆರಿಗೆಯ ದರ ನೋಡಬೇಡಿ, ಸರ್ಕಾರ ಎಷ್ಟು ಖರ್ಚು ಮಾಡುತ್ತದೆ ನೋಡಿ, ನಿಜವಾದ ತೆರಿಗೆ ಅದು. ಖರ್ಚು ಹಾಗೇ ಇಟ್ಟು ತೆರಿಗೆ ಇಳಿಸುವುದು ಹೊಟ್ಟೆ ತುಂಬ ಉಂಡು ಬಿಲ್ಲನ್ನು ಮಕ್ಕಳ ಹೆಸರಿಗೆ ಬರೆಸಿದ ಹಾಗೆ. ಇವತ್ತು ಸಾಲ, ನಾಳೆ ಬಡ್ಡಿ, ನಾಡಿದ್ದು ತೆರಿಗೆ ಇಲ್ಲವೇ ಬೆಲೆಯೇರಿಕೆ. 2024ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಬಡ್ಡಿಗೆ ಕಟ್ಟಿದ ಹಣ ರಕ್ಷಣೆಯ ಖರ್ಚನ್ನೂ ಮೀರಿತು. ಮಿತವ್ಯಯದ ಪರ ಬರೆಯುವವರು ಮೊದಲ ಪುಟದಲ್ಲಿ ಇಡಬೇಕಾದ ಸಂಗತಿ ಇದು, ಅಲ್ವಾ?

ಆದರೆ ಖರ್ಚಿನ ಬಗ್ಗೆ ನಿಮ್ಮಲ್ಲಿರುವುದು ಒಂದೇ ಪ್ಯಾರಾ. ಮಂತ್ರಿಗಳ ಪ್ರವಾಸ, ಜಾಹೀರಾತು, ವಿದೇಶಿ ನೆರವು, ಇವನ್ನು ನಿಲ್ಲಿಸಿದರೆ ಸಾಕು ಅಂತೀರಿ. ಅಮೆರಿಕದ ಕೇಂದ್ರ ಬಜೆಟ್‌ನಲ್ಲಿ ವಿದೇಶಿ ನೆರವು ಬಹುಕಾಲ ಇದ್ದದ್ದೇ ಸುಮಾರು ಒಂದು ಪರ್ಸೆಂಟ್. ದೊಡ್ಡ ಹಣ ಹೋಗುವುದು ವೃದ್ಧರ ಪಿಂಚಣಿಗೆ, ಆರೋಗ್ಯಕ್ಕೆ, ರಕ್ಷಣೆಗೆ, ಬಡ್ಡಿಗೆ. ಬಡ್ಡಿಯನ್ನು ಮುಟ್ಟುವ ಹಾಗಿಲ್ಲ, ರಕ್ಷಣೆ ಜಾಸ್ತಿಯಾಗಲಿ ಎಂದು ನೀವೇ ಹೇಳಿದ್ದೀರಿ. ಉಳಿದದ್ದು ಪಿಂಚಣಿ ಮತ್ತು ಆರೋಗ್ಯ. ಅಲ್ಲಿ ಯಾರಿಗೆ ಎಷ್ಟು ಕಡಿಮೆ ಕೊಡೋಣ? ಈ ಪ್ರಶ್ನೆಗೆ ಹೆದರಿ ‘ದುಂದುವೆಚ್ಚ’ ಅಂದುಬಿಟ್ಟಿದ್ದೀರಿ. ಎಡಪಂಥದವರೂ ದುಂದುವೆಚ್ಚ ಬೇಕು ಅನ್ನುವುದಿಲ್ಲ ಮಾರಾಯ್ರೇ.

ಕಡಿತ ಅಂದರೆ ಏನು ಎಂದು ನೋಡಬೇಕಾದರೆ ಕೆನಡಾದ 1995ರ ಬಜೆಟ್ ತೆಗೆದು ಓದಿ. ತಮಾಷೆ ಏನೆಂದರೆ ಅದನ್ನು ಮಾಡಿದ್ದು ಲಿಬರಲ್ ಪಕ್ಷ. ಸರ್ಕಾರದ ವರಮಾನದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬಡ್ಡಿಗೇ ಹೋಗುತ್ತಿತ್ತು. ಹಣಕಾಸು ಮಂತ್ರಿ ಪಾಲ್ ಮಾರ್ಟಿನ್ ಕಾಲದಲ್ಲಿ ಪ್ರತಿ ಇಲಾಖೆಯ ಪ್ರತಿ ಕಾರ್ಯಕ್ರಮಕ್ಕೂ ಒಂದಿಷ್ಟು ಪ್ರಶ್ನೆ ಹಾಕಿದರು. ಇದರಿಂದ ಈಗಲೂ ಸಾರ್ವಜನಿಕರಿಗೆ ಉಪಯೋಗ ಇದೆಯೇ? ಇದ್ದರೆ ಸರ್ಕಾರವೇ ಮಾಡಬೇಕೇ, ಪ್ರಾಂತ್ಯಗಳು ಮಾಡಬಹುದೇ, ಖಾಸಗಿಯವರು ಮಾಡಬಹುದೇ? ಕೊನೆಗೆ, ನಮ್ಮ ಕೈಲಿ ಆಗುತ್ತದೆಯೇ?

ಸಾರಿಗೆ ಇಲಾಖೆಯೊಂದನ್ನೇ ತೆಗೆದುಕೊಳ್ಳಿ. ಸರ್ಕಾರದ ಒಡೆತನದ ಸಿಎನ್ (ಕೆನಡಿಯನ್ ನ್ಯಾಷನಲ್) ರೈಲ್ವೆಯನ್ನು ಷೇರು ಮಾರುಕಟ್ಟೆಯಲ್ಲಿ ಮಾರಿದರು. ವಿಮಾನ ಸಂಚಾರ ನಿಯಂತ್ರಣವನ್ನು 1996ರಲ್ಲಿ ಲಾಭಕ್ಕಲ್ಲದ ಒಂದು ಸಂಸ್ಥೆಗೆ ಬಿಟ್ಟುಕೊಟ್ಟರು. ಆಮೇಲೆ ಅದರ ಖರ್ಚು ಭರಿಸಿದ್ದು ವಿಮಾನದಲ್ಲಿ ಓಡಾಡುವವರು. ಪಶ್ಚಿಮದ ರೈತರ ಧಾನ್ಯ ಸಾಗಣೆಗೆ ದಶಕಗಳಿಂದ ಕೊಡುತ್ತಿದ್ದ ಸಬ್ಸಿಡಿಯನ್ನು ಒಂದು ಸಲದ ಪರಿಹಾರ ಕೊಟ್ಟು ನಿಲ್ಲಿಸಿದರು. ಸರ್ಕಾರಿ ಸೇವೆಯಲ್ಲಿ 45,000 ಹುದ್ದೆ ಕಡಿಮೆ ಮಾಡುತ್ತೇವೆ ಎಂದು ಘೋಷಿಸಿದರು. 1997-98ರ ಹೊತ್ತಿಗೆ ಕೊರತೆ ಹೋಗಿ ಮಿಗತೆ ಬಂತು. ದೊಡ್ಡ ತೆರಿಗೆ ಕಡಿತ ಬಂದದ್ದು ಅದಾದ ಮೇಲೆ, 2000ದಲ್ಲಿ. ಆ ಕ್ರಮ ಗಮನಿಸಿ.

ಅದರ ಬೆಲೆಯನ್ನೂ ಬರೆಯಿರಿ. ಪ್ರಾಂತ್ಯಗಳಿಗೆ ಹೋಗುತ್ತಿದ್ದ ಹಣವನ್ನೂ ಕತ್ತರಿಸಿದ್ದರಿಂದ ಆಸ್ಪತ್ರೆಗಳಿಗೂ ವಿಶ್ವವಿದ್ಯಾಲಯಗಳಿಗೂ ಬಿಸಿ ತಟ್ಟಿತು. ಅದನ್ನು ಮುಚ್ಚಿಟ್ಟರೆ ಓದುಗರು ನಿಮ್ಮನ್ನು ನಂಬುವುದಿಲ್ಲ. ನೋವು ಯಾರಿಗೆ ಎಂದು ಹೇಳಿ, ಆದರೂ ಇದು ಸರಿ ಎಂದು ವಾದಿಸಿ. ಆಗ ಸುಮ್ನೆ ತಳ್ಳಿಹಾಕಲು ಯಾರಿಗೂ ಆಗುವುದಿಲ್ಲ.

ಸಣ್ಣಪುಟ್ಟ ತಿದ್ದುಪಡಿಗಳನ್ನು ಪ್ರತಿಯ ಅಂಚಿನಲ್ಲೇ ಗುರುತಿಸಿದ್ದೇನೆ. ಮೂರನೇ ಪುಟದ ವಿನ್‌ಸ್ಟನ್ ಚರ್ಚಿಲ್ ಉಲ್ಲೇಖ ತೆಗೆಯಿರಿ. ಅಂತರ್ಜಾಲದಲ್ಲಿ ಅವರ ತಲೆಗೆ ಕಟ್ಟುವ ಮಾತುಗಳಲ್ಲಿ ಅವರು ಹೇಳದೇ ಇದ್ದವೂ ಬಹಳ ಇವೆ, ಮೂಲ ಕೊಡದೆ ಹಾಕಲಾರೆ. ಕೊನೆಯ ಪುಟದಲ್ಲಿ ಪ್ರಾಸ ಕಟ್ಟಿ ಮುಗಿಸಿದ್ದೀರಿ, ಅದೂ ಬೇಡ. ಹೊಸ ಪ್ರತಿಯಲ್ಲಿ ನಾನು ಮೊದಲು ಹುಡುಕುವುದು ಖರ್ಚಿನ ಪಟ್ಟಿಯನ್ನು. ಯಾವುದಾದರೂ ಒಂದು ಬಜೆಟ್ ಆರಿಸಿಕೊಳ್ಳಿ. ನೀವು ಕತ್ತರಿಸುವ ಮೂರು ಬಾಬ್ತು ಹೆಸರಿಸಿ, ಪ್ರತಿಯೊಂದರ ಮುಂದೆ ಮೊತ್ತ ಹಾಕಿ, ಅದನ್ನು ಈಗ ಪಡೆಯುತ್ತಿರುವವರು ಯಾರು ಎಂದು ಒಂದು ಸಾಲು ಬರೆಯಿರಿ. ಮೂರರಲ್ಲಿ ಒಂದಾದರೂ ನಿಮ್ಮ ಮನೆಯವರಿಗೆ ಬರುತ್ತಿರುವ ಸೌಲಭ್ಯ ಆಗಿರಲಿ.