ಶಿರಸಿ ತೋಟದಲ್ಲಿ ಸಿಕ್ಕ ನಾಗರಹಾವಿನ ಮರಿ ಸಾಕಲು ಲೈಸೆನ್ಸ್ ಸಿಗುತ್ತಾ?

ಅಡಿಕೆ ತೋಟದ ದರಕಿನ (ಒಣಗಿ ಬಿದ್ದ ಎಲೆಗಳ) ರಾಶಿಯಲ್ಲಿ ನಾಗರಹಾವಿನ ಮರಿ ಸಿಕ್ಕಿದೆ, ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಆಸೆ, ಲೈಸೆನ್ಸ್ ಯಾರು ಕೊಡ್ತಾರೆ ಎಂದು ಕೇಳಿದ್ದೀರಿ. ಯಾರೂ ಕೊಡುವುದಿಲ್ಲ. ಮನೆಯಲ್ಲಿ ನಾಗರಹಾವು ಸಾಕಲು ಲೈಸೆನ್ಸ್ ಅನ್ನುವುದೇ ಇಲ್ಲ.

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಕಾಲೇಜಿನಲ್ಲಿದ್ದಾಗ ನಾನೂ ಒಂದು ಕೊಳಕುಮಂಡಲದ ಮರಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ದಿನ ಇಟ್ಟುಕೊಂಡಿದ್ದೆ. ಹೊನ್ನಾವರದ ನಮ್ಮ ಮನೆಯ ಬಚ್ಚಲ ಹತ್ತಿರ ಸಿಕ್ಕಿದ್ದು. ಅಷ್ಟು ಚಂದದ ಚುಕ್ಕೆ, ಎಷ್ಟು ನೋಡಿದರೂ ಸಾಲದು. ನಾಲ್ಕನೇ ದಿನ ಮುಚ್ಚಳ ಸರಿಸುವಾಗ ನನ್ನ ಹೆಬ್ಬೆರಳಿನ ಪಕ್ಕದಲ್ಲೇ ಪ್ಲಾಸ್ಟಿಕ್‌ಗೆ ಕುಕ್ಕಿತು. ಮರಿಗೂ ಹುಟ್ಟುವಾಗಲೇ ವಿಷ ಇರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಟ್ಟುಕೊಂಡಿದ್ದೆ. ಅವತ್ತು ಸಂಜೆಯೇ ಅಮ್ಮ ಫಾರೆಸ್ಟ್ ಗಾರ್ಡ್ ಅವರನ್ನು ಕರೆಸಿದರು. ಆಮೇಲೆ ಕೂತು ಕಾಯ್ದೆ ಓದಿದೆ.

ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಹಿಡಿಯುವುದೂ ಬೇಟೆಯೇ. 2022ರ ತಿದ್ದುಪಡಿ ಬಂದ ಮೇಲೆ ನಾಗರಹಾವು, ಕಾಳಿಂಗ, ಕೊಳಕುಮಂಡಲ ಮೂರೂ 1ನೇ ಪರಿಶಿಷ್ಟದಲ್ಲಿವೆ. ಹುಲಿ ಇರುವ ಪಟ್ಟಿ ಅದು. ಅಪರಾಧ ಸಾಬೀತಾದರೆ ಕಡಿಮೆ ಅಂದರೂ 3 ವರ್ಷ, ಜಾಸ್ತಿ ಅಂದರೆ 7 ವರ್ಷ ಜೈಲು. ದಂಡ 25,000 ರೂಪಾಯಿಗಿಂತ ಕಡಿಮೆ ಇಲ್ಲ.

"ನಮ್ಮದೇ ತೋಟದಲ್ಲಿ ಸಿಕ್ಕಿದ್ದು ಅಲ್ವಾ" ಎಂದೂ ಬರೆದಿದ್ದೀರಿ. ನಿಮ್ಮ ಕಡೆಯವರಿಗೆ ಸೊಪ್ಪಿನ ಬೆಟ್ಟದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ತೋಟಕ್ಕೆಂದು ಬಿಟ್ಟ ಆ ಸರ್ಕಾರಿ ಕಾಡಿನಿಂದ ಸೊಪ್ಪು, ದರಕು ತರುತ್ತೀರಿ, ಆದರೆ ಬೆಟ್ಟ ನಿಮ್ಮ ಹೆಸರಿಗೆ ಆಗುವುದಿಲ್ಲ. ಹಾವಿನ ವಿಷಯದಲ್ಲಿ ಅಷ್ಟು ಹಕ್ಕೂ ಇಲ್ಲ. ಪಟ್ಟಾ ಜಾಗದಲ್ಲೇ ಸಿಗಲಿ, ಕಾಯ್ದೆ ಮೀರಿ ಹಿಡಿದಿಟ್ಟ ಹಾವು ಸರ್ಕಾರದ ಸೊತ್ತು. ಅಂಥದ್ದು ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು.

ಪರವಾನಗಿ ಸಿಗುವುದು ಬೇರೆ ಕೆಲಸಗಳಿಗೆ. ಸಂಶೋಧನೆ, ಶಿಕ್ಷಣ, ಔಷಧಕ್ಕೆ ವಿಷ ತೆಗೆಯುವುದು, ಇಂಥವಕ್ಕೆ. ಹಾವು ಹಿಡಿಯುವುದರಲ್ಲಿ ಹೆಸರಾದ ಬುಡಕಟ್ಟಿನವರಾದ ತಮಿಳುನಾಡಿನ ಇರುಳರು 1978ರಲ್ಲಿ ಕಟ್ಟಿದ ಸಹಕಾರ ಸಂಘ ಇದೇ ವಿಷ ತೆಗೆಯುವ ಕೆಲಸ ಮಾಡುತ್ತದೆ. ಅವರೂ ಕೆಲವು ವಾರ ಇಟ್ಟುಕೊಂಡು, ವಿಷ ತೆಗೆದು, ಹಾವನ್ನು ವಾಪಸ್ ಬಿಡಬೇಕು.

ನನಗೆ ಜಾಸ್ತಿ ಚಿಂತೆ ಇನ್ನೊಂದರದ್ದು. ಕದ್ದು ಸಾಕಿದವರು ಕಚ್ಚಿಸಿಕೊಂಡಾಗ ಕೇಸಿಗೆ ಹೆದರಿ ಆಸ್ಪತ್ರೆಗೆ ಹೋಗಲು ತಡ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾಗರಹಾವಿನ ವಿಷ ಉಸಿರಾಟವನ್ನೇ ನಿಲ್ಲಿಸಬಹುದು. ನಮ್ಮಲ್ಲಿ ಸಿಗುವ ಆ್ಯಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಳಿಂಗಕ್ಕೆ, ಕಾರವಾರದ ಮೀನುಬಲೆಗೆ ಬೀಳುವ ಕಡಲ ಹಾವಿಗೆ ಅದು ಮಾಡಿದ್ದಲ್ಲ. ಹಾಗಾಗಿ ಮುಂದೆ ಯಾವತ್ತಾದರೂ "ನಾಗರ ಬೇಡ, ಬೇರೆ ಹಾವು" ಎಂಬ ಯೋಚನೆ ಬಂದರೆ ಅದನ್ನೂ ಬಿಟ್ಟುಬಿಡಿ.

ಈಗ ಮಾಡಬೇಕಾದ್ದು: ಮರಿಯನ್ನು ಮತ್ತೆ ಮುಟ್ಟಬೇಡಿ. ಪೆಟ್ಟಿಗೆಗೆ ಹಾಕಿದ್ದರೆ ಮುಚ್ಚಳ ತೆಗೆಯಬೇಡಿ, ಗಾಳಿಯಾಡುವ ಹಾಗೆ ನೆರಳಲ್ಲಿಡಿ, ಮಕ್ಕಳನ್ನು ದೂರ ಇಡಿ. ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಫೋನ್ ಮಾಡಿ, ಅಥವಾ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಆಫೀಸಿಗೆ ಹೋಗಿ. ನೀವಾಗಿಯೇ ತಿಳಿಸಿ ಒಪ್ಪಿಸುವುದಕ್ಕೂ, ಯಾರೋ ದೂರು ಕೊಟ್ಟು ಸಿಕ್ಕಿಬೀಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಇನ್ನೊಂದು ಮಾತು. ನಾಗರಹಾವು ಒಂದು ಸಲಕ್ಕೆ ಹತ್ತಿಪ್ಪತ್ತು ಮೊಟ್ಟೆ ಇಡುತ್ತದೆ. ಒಂದು ಮರಿ ಸಿಕ್ಕಿದೆ ಅಂದರೆ ಉಳಿದವೂ ಅದೇ ರಾಶಿಯಲ್ಲಿ ಇರಬಹುದು. ನಾಳೆ ದರಕು ಹೊರಲು ಬರುವವರಿಗೆ ಇವತ್ತೇ ಹೇಳಿ ಕಳಿಸಿ. ಬರಿಗೈಯಲ್ಲಿ ಬಾಚುವುದು ಬೇಡ.